ಬಿರುಕಿನ ಮೇಲೆ ಕೂತಿರುವ ಬರ್ಕ್ಲಿ ಸ್ಟೇಡಿಯಂ: ಮಗಳ ಜೊತೆ ಮ್ಯಾಚಿಗೆ ಹೋಗಬಹುದಾ?

ತೊಗರಿನಾಡು (ಕಲಬುರಗಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಬರ್ಕ್ಲಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಆಗಸ್ಟ್ ಕೊನೆಗೆ ನಾನೂ ನಮ್ಮ ಮನೆಯವರೂ ಅವಳ ಹತ್ತಿರ ಬರುತ್ತಿದ್ದೇವೆ, ಮೂರು ತಿಂಗಳು ಇರುತ್ತೇವೆ. ಬಂದ ಕೂಡಲೇ ಕಾಲೇಜಿನ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಮ್ಯಾಚ್ ತೋರಿಸುತ್ತೇನೆ ಅಂತ ಕುಣಿಯುತ್ತಿದ್ದಾಳೆ. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ್ದು.

ಮೊನ್ನೆ ಫೋನಿನಲ್ಲಿ ಮಾತಿಗೆ ಮಾತು ಬಂದು ಹೇಳಿದಳು, "ಅಮ್ಮಾ, ಈ ಸ್ಟೇಡಿಯಂ ಕೆಳಗೇ ಭೂಕಂಪದ ಬಿರುಕು ಹೋಗಿದೆ. ಈ ಕಡೆಯ ಗೋಲ್ ಕಂಬದಿಂದ ಆ ಕಡೆಯ ಗೋಲ್ ಕಂಬದವರೆಗೂ ಅದೇ." ಅವಳಿಗೆ ಅದು ತಮಾಷೆ. ನನಗೆ ನಗು ಬರಲಿಲ್ಲ.

1993ರಲ್ಲಿ ಗಣಪತಿ ಕಳಿಸಿದ ರಾತ್ರಿ ನಾನು ಆಳಂದದ ಕಡೆ ತವರುಮನೆಯಲ್ಲಿದ್ದೆ. ನಸುಕಿನಲ್ಲಿ ನಾಲ್ಕು ಇನ್ನೂ ಆಗಿರಲಿಲ್ಲ. ಮಾಡದಲ್ಲಿಟ್ಟ ತಾಮ್ರದ ಕೊಡಗಳು ಒಂದಕ್ಕೊಂದು ಬಡಿದುಕೊಂಡವು. ಗೋಡೆಯ ಕಲ್ಲಿನ ಸಂದಿಯಿಂದ ಮಣ್ಣು ಸುರಿಯಿತು, ಹಿಟ್ಟು ಜರಡಿ ಹಿಡಿದ ಹಾಗೆ. ಅವ್ವ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದು ತಂದು ನಿಲ್ಲಿಸಿದಳು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪದಿಂದ ಏನಾಯಿತು ಅಂತ ಬೆಳಗಾದ ಮೇಲೆ ರೇಡಿಯೋದಲ್ಲಿ ಕೇಳಿದೆವು. ಆಮೇಲೆ ಎಷ್ಟೋ ದಿನ ಒಳಗೆ ಮಲಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಗೊತ್ತಿದ್ದೂ ಅಲ್ಲೇ ಯಾಕೆ ಕಟ್ಟಿದರು? ಮತ್ತೆ ಹೊಸದಾಗಿ ಕೋಟಿಗಟ್ಟಲೆ ಸುರಿದು ಅದನ್ನೇ ರಿಪೇರಿ ಮಾಡಿದ್ದಾರಂತೆ, ಬೇರೆ ಜಾಗ ಇರಲಿಲ್ವಾ? ಅಷ್ಟು ಜನರ ನಡುವೆ ನಾವು ಹೋಗಿ ಕೂರಬಹುದಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ದಾವಣಗೆರೆ ಹುಡುಗ:

ಆಂಟಿ, ಖಂಡಿತ ಬನ್ನಿ. ನಾನೂ ಅಲ್ಲೇ ಓದುತ್ತಿದ್ದೇನೆ, ಕಳೆದ ವರ್ಷ ನಾಲ್ಕು ಮ್ಯಾಚ್ ನೋಡಿದೆ. ಬಿರುಕಿನ ವಿಷಯ ತಿಳಿದವರು ಹೇಳಲಿ, ನಾನು ಬೇರೆ ಎರಡು ಮಾತು ಹೇಳುತ್ತೇನೆ.

ಕಾರಿನಲ್ಲಿ ಹೋಗಬೇಡಿ. ಆ ದಿನ ಪಾರ್ಕಿಂಗ್ ಸಿಗುವುದೇ ಕಷ್ಟ. ಬಾರ್ಟ್ ರೈಲಿನಲ್ಲಿ ಡೌನ್‌ಟೌನ್ ಬರ್ಕ್ಲಿಯಲ್ಲಿ ಇಳಿದು ಕ್ಯಾಂಪಸ್ ಒಳಗಿಂದ ನಡೆದು ಬನ್ನಿ. ದಾರಿ ಪೂರಾ ಏರು, ಮಂಡಿ ನೋವಿದ್ದರೆ ನಿಧಾನಕ್ಕೆ ಹತ್ತಿ. ಮಧ್ಯಾಹ್ನದ ಮ್ಯಾಚ್ ಆದರೆ ಪೂರ್ವದ ಗ್ಯಾಲರಿಯವರಿಗೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಟೋಪಿ ಇರಲಿ. ಸಂಜೆ ಆದ ಕೂಡಲೇ ಅದೇ ಜಾಗದಲ್ಲಿ ಚಳಿ. ಸ್ವೆಟರ್ ಮರೆಯಬೇಡಿ.

ಅರಸೀಕೆರೆ ತೆಂಗು:

ಅಕ್ಕಾವ್ರೆ, ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ಈ ಸ್ಟೇಡಿಯಂ ನನಗೆ ಅಷ್ಟು ಹತ್ತಿರದ್ದು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ. 1998ರಲ್ಲಿ ಬರ್ಕ್ಲಿಗೆ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಬಂದೆ. ಈಗ ಫ್ರೀಮಾಂಟ್‌ನಲ್ಲಿದ್ದೇನೆ. ಹಳೆಯ ಶಾಲಾ ಕಟ್ಟಡಗಳು ಭೂಕಂಪ ತಡೆಯುವ ಹಾಗೆ ಗಟ್ಟಿ ಮಾಡುವುದು ನನ್ನ ಕೆಲಸ. ಸ್ಟೇಡಿಯಂ ಕೆಲಸದಲ್ಲಿ ನನ್ನ ಕೈ ಇರಲಿಲ್ಲ. ಆದರೆ ಅದು ನಡೆದ ಅಷ್ಟೂ ದಿನ ಹೆಚ್ಚುಕಡಿಮೆ ವಾರಕ್ಕೊಮ್ಮೆ ಹೋಗಿ ಬೇಲಿಯಾಚೆಯಿಂದ ನೋಡಿದ್ದೇನೆ.

ನೇರ ಉತ್ತರ: ಹೋಗಿ. ಧೈರ್ಯವಾಗಿ ಹೋಗಿ. ಯಾಕೆ ಅಂತ ಈಗ ಹೇಳುತ್ತೇನೆ.

ನಿಮ್ಮ ಮಗಳು ಹೇಳಿದ್ದು ನಿಜ. ಹೇವರ್ಡ್ ಫಾಲ್ಟ್ ಅನ್ನುವ ಬಿರುಕು ಆ ಮೈದಾನದ ಉದ್ದಕ್ಕೂ ಹಾದುಹೋಗುತ್ತದೆ. ನಾನಿರುವ ಫ್ರೀಮಾಂಟ್‌ನಲ್ಲೂ ಅದೇ ಬಿರುಕು ಇದೆ. ಇಲ್ಲಿ ಎಷ್ಟೋ ಕನ್ನಡದ ಮನೆಗಳಿವೆ, ನಾವೆಲ್ಲ ಅದರ ಅಕ್ಕಪಕ್ಕದಲ್ಲೇ ಹಬ್ಬ ಮಾಡುತ್ತೇವೆ. ಅದು ಜೋರಾಗಿ ಕದಲಿದ್ದು 1868ರ ಅಕ್ಟೋಬರ್ 21ರಂದು. ಆದರೆ ಉಳಿದ ಕಾಲದಲ್ಲೂ ಅದು ಸುಮ್ಮನಿರುವುದಿಲ್ಲ. ಪಶ್ಚಿಮದ ನೆಲ ಪೂರ್ವದ ನೆಲವನ್ನು ಉಜ್ಜಿಕೊಂಡು ವಾಯುವ್ಯಕ್ಕೆ ಸರಿಯುತ್ತಲೇ ಇರುತ್ತದೆ, ವರ್ಷಕ್ಕೆ ನಾಲ್ಕೈದು ಮಿಲಿಮೀಟರ್. ಒಂದು ತೊಗರಿಕಾಳಿನ ಅಗಲ ಅಂದುಕೊಳ್ಳಿ. ವರ್ಷಕ್ಕೊಂದು ಕಾಳು. 1923ರಿಂದ ಲೆಕ್ಕ ಹಾಕಿದರೆ ಸ್ಟೇಡಿಯಂನ ಒಂದು ಅರ್ಧ ಇನ್ನೊಂದು ಅರ್ಧದಿಂದ ಒಂದು ಅಡಿಗೂ ಜಾಸ್ತಿ ಸರಿದಿದೆ.

ಗೊತ್ತಿದ್ದೂ ಯಾಕೆ ಕಟ್ಟಿದರು? ಬಿರುಕು ಇದೆ ಅಂತ ಆಗಲೇ ಗೊತ್ತಿತ್ತು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ ಬಂದ ದೊಡ್ಡ ವರದಿಯಲ್ಲಿ ಇದರ ವಿವರ ಇತ್ತು. ಆ ವರದಿಯ ಮುಖ್ಯಸ್ಥ ಆಂಡ್ರ್ಯೂ ಲಾಸನ್ ಬರ್ಕ್ಲಿಯಲ್ಲೇ ಪ್ರೊಫೆಸರ್. ಆದರೆ ಕ್ಯಾಂಪಸ್ಸಿನ ಪೂರ್ವಕ್ಕೆ ಸ್ಟ್ರಾಬೆರಿ ಕಣಿವೆಯ ಬಾಯಲ್ಲಿ ಇಂಥ ಜಾಗ ಇತ್ತು: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು, ಎದುರಿಗೆ ಸಮುದ್ರದ ಕೊಲ್ಲಿ. ಗುಡ್ಡವನ್ನೇ ಕೆತ್ತಿದರೆ ಅರ್ಧ ಗ್ಯಾಲರಿ ತಾನಾಗಿ ಸಿಗುತ್ತದೆ. ಕಣಿವೆ ಹಾಳಾಗುತ್ತದೆ ಅಂತ ಊರಿನವರು ವಿರೋಧ ಮಾಡಿದರು. ಕೇಳಲಿಲ್ಲ. ಚಿನ್ನದ ಗಣಿಯಲ್ಲಿ ಮಾಡುತ್ತಿದ್ದ ಹಾಗೆ ಪೈಪಿನಿಂದ ರಭಸವಾಗಿ ನೀರು ಹೊಡೆದು ಗುಡ್ಡದ ಮಣ್ಣು ಇಳಿಸಿದರು. ಹರಿಯುತ್ತಿದ್ದ ಸ್ಟ್ರಾಬೆರಿ ತೊರೆಯನ್ನು ಮೋರಿಯೊಳಗೆ ಹಾಕಿ ಮೈದಾನದ ಅಡಿಗೆ ಕಳಿಸಿದರು. ಜಾನ್ ಗೇಲನ್ ಹೋವರ್ಡ್ ಅನ್ನುವ ಆರ್ಕಿಟೆಕ್ಟ್ ರೋಮಿನ ಕೊಲೋಸಿಯಂ ಮನಸ್ಸಿನಲ್ಲಿಟ್ಟುಕೊಂಡು ನಕ್ಷೆ ಮಾಡಿದ. ಹಣ ಬಂದದ್ದು ಜನರ ಚಂದಾದಿಂದ, ಹತ್ತು ಲಕ್ಷ ಡಾಲರಿಗೂ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ಸತ್ತ ಕ್ಯಾಲಿಫೋರ್ನಿಯಾದ ಮಕ್ಕಳ ನೆನಪಿಗೆ ಅಂತ ಕೊಟ್ಟ ಹಣ ಅದು. ಅದಕ್ಕೇ ಹೆಸರು ಮೆಮೋರಿಯಲ್ ಸ್ಟೇಡಿಯಂ. 1923ರ ನವೆಂಬರ್ 24ರಂದು ಸ್ಟ್ಯಾನ್‌ಫರ್ಡ್ ವಿರುದ್ಧ ಮೊದಲ ಮ್ಯಾಚ್, ಬರ್ಕ್ಲಿಯ ಕ್ಯಾಲ್ ತಂಡ 9-0 ಅಂತರದಲ್ಲಿ ಗೆದ್ದಿತು.

ನಾನು ಬಂದಾಗ ನೋಡಿದ್ದು ಆ ಹಳೆಯ ಸ್ಟೇಡಿಯಂ. ಮೊದಲ ವಾರವೇ ನಮ್ಮ ಪ್ರೊಫೆಸರ್ ಇಡೀ ಕ್ಲಾಸನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹೊರಗೋಡೆಯ ಮೇಲ್ತುದಿಯಲ್ಲಿ ಒಂದು ಕೀಲು ಇತ್ತು, ನಾವು ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಅನ್ನುತ್ತೇವಲ್ಲ, ಅದು. ಕಟ್ಟುವಾಗ ಅದರ ಎರಡೂ ಪಕ್ಕ ಒಂದೇ ಗೆರೆಯಲ್ಲಿ ಇದ್ದವು. ನಾನು ನೋಡಿದಾಗ ಒಂದು ಪಕ್ಕ ಮುಂದೆ, ಇನ್ನೊಂದು ಹಿಂದೆ. ಕದ ಸರಿಯಾಗಿ ಹಾಕದೆ ಬಿಟ್ಟ ಹಾಗೆ. ಸಂದಿಯೊಳಗೆ ಕೈ ಇಟ್ಟೆ. ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಕೆಳಗೆ ಗ್ಯಾಲರಿಯ ಅಡಿಯಲ್ಲಿ ಕೆಲವು ಕಾಲಂಗಳು ಕಣ್ಣಿಗೆ ಕಾಣುವಷ್ಟು ವಾಲಿದ್ದವು. ಪುಸ್ತಕದಲ್ಲಿ ಓದಿದ ಬಿರುಕಿಗೂ ಬೆರಳಿಗೆ ಸಿಕ್ಕಿದ ಬಿರುಕಿಗೂ ಎಷ್ಟು ವ್ಯತ್ಯಾಸ ಅಂತ ಅವತ್ತು ಗೊತ್ತಾಯಿತು. ನಾನು ಇದೇ ಕೆಲಸ ಮಾಡಬೇಕು ಅಂತ ತೀರ್ಮಾನ ಮಾಡಿದ್ದು ಆ ಸಂದಿಯ ಮುಂದೆ ನಿಂತು.

ಮೈದಾನದ ಅಡಿಯ ಮೋರಿ ಹೇಳಿದೆನಲ್ಲ, 1960ರ ದಶಕದಲ್ಲಿ ಅದರ ಒಳಗೆ ಇಳಿದು ನೋಡಿದಾಗ ಸರಿಯಾಗಿ ಬಿರುಕು ದಾಟುವ ಜಾಗದಲ್ಲಿ ಕಾಂಕ್ರೀಟು ಸೀಳಿತ್ತು. ಭೂಕಂಪ ಇಲ್ಲದಾಗಲೂ ಹೇವರ್ಡ್ ಫಾಲ್ಟ್ ಮೆಲ್ಲಗೆ ತೆವಳುತ್ತದೆ ಅನ್ನುವುದಕ್ಕೆ ಸಿಕ್ಕಿದ ಒಳ್ಳೆಯ ಸಾಕ್ಷಿಗಳಲ್ಲಿ ಅದೂ ಒಂದು. (ಹೇವರ್ಡ್ ಊರಿನಲ್ಲಿ ರಸ್ತೆ ಪಕ್ಕದ ಒಂದು ಕಲ್ಲಂಚು ಇದೇ ರೀತಿ ಸರಿದಿತ್ತು. ಭೂವಿಜ್ಞಾನಿಗಳು ದಶಕಗಟ್ಟಲೆ ಅದರ ಫೋಟೋ ತೆಗೆಯುತ್ತಾ ಬಂದಿದ್ದರು. 2016ರಲ್ಲಿ ಗಾಲಿಕುರ್ಚಿಯವರಿಗೆ ದಾರಿ ಮಾಡಲು ಅದನ್ನು ಒಡೆದು ನೇರ ಮಾಡಿಬಿಟ್ಟರು. ದಾರಿ ಬೇಕಿತ್ತು, ಒಪ್ಪುತ್ತೇನೆ. ಆದರೂ ನನಗೆ ಹೊಟ್ಟೆ ಉರಿಯಿತು.)

ಈಗ ರಿಪೇರಿ ವಿಷಯ. 1997ರಲ್ಲಿ ವಿಶ್ವವಿದ್ಯಾಲಯ ತನ್ನ ಕಟ್ಟಡಗಳನ್ನೆಲ್ಲ ಪರೀಕ್ಷೆ ಮಾಡಿಸಿದಾಗ ಸ್ಟೇಡಿಯಂಗೆ ಸಿಕ್ಕ ದರ್ಜೆ "ಕಳಪೆ". ಕ್ಯಾಲಿಫೋರ್ನಿಯಾದಲ್ಲಿ 1972ರ ಕಾನೂನು ಒಂದಿದೆ. ಅದರ ಪ್ರಕಾರ ಇಂಥ ಬಿರುಕಿನ ಮೇಲೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಮೊದಲೇ ಇರುವುದನ್ನು ಬದಲಾಯಿಸಬೇಕಾದರೂ ಅದರ ಬೆಲೆಯ ಅರ್ಧಕ್ಕಿಂತ ಜಾಸ್ತಿ ಖರ್ಚಿನ ಕೆಲಸ ಮಾಡುವ ಹಾಗಿಲ್ಲ. ಇದರ ಮೇಲೆ ಕೋರ್ಟು ಕಚೇರಿ ವರ್ಷಗಟ್ಟಲೆ ನಡೆಯಿತು. 2010ರ ಸೀಸನ್ ಮುಗಿದ ಮೇಲೆ ಬಾಗಿಲು ಹಾಕಿದರು. 2011ರಲ್ಲಿ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಆಡಿತು. 2012ರ ಸೆಪ್ಟೆಂಬರ್ 1ಕ್ಕೆ ಇಲ್ಲಿ ಮತ್ತೆ ಬಾಗಿಲು ತೆರೆಯಿತು. ಖರ್ಚು 32 ಕೋಟಿ ಡಾಲರಿಗೂ ಜಾಸ್ತಿ.

ಏನು ಮಾಡಿದರು ಗೊತ್ತಾ? ಪಶ್ಚಿಮದ ಹಳೆಯ ಹೊರಗೋಡೆಯನ್ನು ಮಾತ್ರ ಉಳಿಸಿಕೊಂಡರು. ಕಮಾನುಗಳಿರುವ ಆ ಗೋಡೆಗೆ ಉಕ್ಕಿನ ಆಸರೆ ಕೊಟ್ಟು ನಿಲ್ಲಿಸಿ, ಅದರ ಹಿಂದಿನ ಗ್ಯಾಲರಿಯನ್ನೆಲ್ಲ ಒಡೆದು ತೆಗೆದರು. ಎಷ್ಟೋ ತಿಂಗಳು ಬರೀ ಆ ಗೋಡೆ ನಿಂತಿತ್ತು. ಕಮಾನಿನೊಳಗಿಂದ ನೋಡಿದರೆ ಆಚೆ ಏನೂ ಇಲ್ಲ, ಆಕಾಶ. ಆಮೇಲೆ ಒಳಗೆ ಹೊಸ ಗ್ಯಾಲರಿ ಎದ್ದಿತು.

ಬಿರುಕು ದಾಟುವ ಎರಡು ಜಾಗ, ಉತ್ತರದ ತುದಿ ಮತ್ತು ದಕ್ಷಿಣದ ತುದಿ. ನನಗೆ ಅತಿ ಇಷ್ಟವಾದ ಕೆಲಸ ಆಗಿರುವುದು ಅಲ್ಲಿ. ಎರಡೂ ಕಡೆ ಗ್ಯಾಲರಿಯ ಒಂದೊಂದು ತುಂಡನ್ನು ಉಳಿದದ್ದರಿಂದ ಕತ್ತರಿಸಿ ಬೇರೆ ಮಾಡಿದ್ದಾರೆ, ಹೋಳಿಗೆಯ ತುಂಡು ಬಿಡಿಸಿದ ಹಾಗೆ. ಆ ತುಂಡಿಗೆ ದಪ್ಪನೆಯ ಕಾಂಕ್ರೀಟ್ ಹಾಸಿನ ಪಾಯ. ಅದರ ಅಡಿಗೆ ಪ್ಲಾಸ್ಟಿಕ್ ಹಾಳೆ, ಎರಡು ಪದರ. ಅದರ ಅಡಿಗೆ ಮರಳು. ಕೆಳಗೆ ನೆಲ ಸೀಳಿ ಸರಿದರೆ ಹಾಳೆಯ ಮೇಲೆ ಇಡೀ ತುಂಡು ಜಾರುತ್ತದೆ, ಬೇಕಾದರೆ ಸ್ವಲ್ಪ ತಿರುಗುತ್ತದೆ, ಪಕ್ಕದ ಗ್ಯಾಲರಿಗೆ ಗುದ್ದುವುದಿಲ್ಲ. ಅಡ್ಡಕ್ಕೆ ಆರು ಅಡಿ, ಮೇಲೆ ಕೆಳಗೆ ಎರಡು ಅಡಿ ಸರಿದರೂ ಜನರ ಮೇಲೆ ಬೀಳಬಾರದು ಅನ್ನುವ ಲೆಕ್ಕದಲ್ಲಿ ಮಾಡಿದ್ದಾರೆ. ಮೇಲೆ ಉದ್ದಕ್ಕೆ ಕಾಣುವ, ಪತ್ರಕರ್ತರು ಕೂರುವ ಪ್ರೆಸ್ ಬಾಕ್ಸ್ ಕೂಡ ತನ್ನದೇ ಕಾಲಿನ ಮೇಲೆ ನಿಂತಿದೆ. ಗ್ಯಾಲರಿಗೂ ಅದಕ್ಕೂ ನಡುವೆ ಸಂದಿ ಇದೆ. ಅಲುಗಾಟ ಹೀರಿಕೊಳ್ಳಲು ಡ್ಯಾಂಪರ್‌ಗಳಿವೆ, ಬೈಕಿನ ಶಾಕ್ ಅಬ್ಸಾರ್ಬರ್ ಇದ್ದ ಹಾಗೆ.

ಭೂಮಿ ಸರಿಯುವುದನ್ನು ಯಾರೂ ನಿಲ್ಲಿಸಲಾರರು. ಸರಿಯಲು ಅದಕ್ಕೆ ದಾರಿ ಬಿಟ್ಟು ಕಟ್ಟಬೇಕು. ನನ್ನ ಕೆಲಸದಲ್ಲಿ ನಾನು ದಿನಾ ಮನೆಯವರಿಗೆ, ಶಾಲೆಯವರಿಗೆ ಹೇಳುವುದು ಇದನ್ನೇ.

2012ರಲ್ಲಿ ನಮ್ಮ ಅಪ್ಪ ಬಂದಿದ್ದರು. ಅವರು ಅರಸೀಕೆರೆಯಲ್ಲಿ ಗಾರೆ ಮೇಸ್ತ್ರಿ, ನಲವತ್ತು ವರ್ಷ ಕರಣೆ ಹಿಡಿದವರು. ಅವರನ್ನು ಆ ಹಳೆಯ ಗೋಡೆ ಹತ್ತಿರ ಕರೆದುಕೊಂಡು ಹೋದೆ. ಕನ್ನಡಕ ತೆಗೆದು ಗೋಡೆಗೆ ಮುಖ ಹತ್ತಿರ ಇಟ್ಟು ನೋಡಿದರು. ಅಂಗೈ ಅಗಲ ಮಾಡಿ ಸವರಿದರು. "ಇಲ್ನೋಡು, ಸೆಂಟ್ರಿಂಗ್ ಹಲಗೆ ಗುರುತು. ಇದು ಗಂಟು. ಒಳ್ಳೆ ಮರಾನೇ ಹಾಕವ್ರೆ" ಅಂದರು. 1923ರಲ್ಲಿ ಯಾವನೋ ಬಡಗಿ ಬಡಿದ ಹಲಗೆಯ ನಾರು ಕಾಂಕ್ರೀಟಿನಲ್ಲಿ ಹಾಗೇ ಉಳಿದಿತ್ತು. ಹೊಸ ಗ್ಯಾಲರಿಯನ್ನು ಅವರು ಅಷ್ಟು ನೋಡಲಿಲ್ಲ. ಆ ಗೋಡೆಯ ಮುಂದೆ ಅರ್ಧ ಗಂಟೆ ನಿಂತರು.

ಕಿಲ್ಲಾರಿಯಲ್ಲಿ ಸುಮಾರು 10,000 ಜನ ಹೋದರು. ನೆಲ ಬಾಯಿ ಬಿಟ್ಟು ನುಂಗಿದ್ದಲ್ಲ ಅದು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ, ಮಲಗಿದ್ದವರ ಮೇಲೆ ಬಿದ್ದವು. ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ, ಆ ಮಣ್ಣು ಸುರಿದದ್ದನ್ನು ನೀವೇ ನೋಡಿದ್ದೀರಿ. ಇಲ್ಲಿ ಕಲ್ಲು ಕಲ್ಲಿಗೆ, ತೊಲೆ ಕಂಬಕ್ಕೆ ಕಬ್ಬಿಣದಲ್ಲಿ ಬಿಗಿದಿದ್ದಾರೆ. 1989ರ ಅಕ್ಟೋಬರ್ 17ರಂದು 6.9ರ ಭೂಕಂಪ ಆದಾಗ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಸ್ಟೇಡಿಯಂನಲ್ಲಿ 60,000ಕ್ಕೂ ಜಾಸ್ತಿ ಜನ ಬೇಸ್‌ಬಾಲ್ ನೋಡಲು ಕೂತಿದ್ದರು. ಎಲ್ಲರೂ ಎದ್ದು ಮನೆಗೆ ಹೋದರು.

ಸುಳ್ಳು ಧೈರ್ಯ ಹೇಳುವುದಿಲ್ಲ. 2043ರ ಒಳಗೆ ಹೇವರ್ಡ್ ಫಾಲ್ಟ್ ಮೇಲೆ 6.7 ಅಥವಾ ಅದಕ್ಕೂ ದೊಡ್ಡ ಭೂಕಂಪ ಆಗುವ ಸಾಧ್ಯತೆ ನೂರಕ್ಕೆ 33 ಅಂತ ಅಮೆರಿಕದ ಭೂವಿಜ್ಞಾನ ಇಲಾಖೆ 2016ರಲ್ಲಿ ಹೇಳಿದೆ. ಅದು ಆದ ದಿನ ಸ್ಟೇಡಿಯಂಗೂ ಪೆಟ್ಟು ಬೀಳುತ್ತದೆ. ಕಟ್ಟಿದವರ ಗುರಿ ಒಂದೇ, ಒಳಗಿದ್ದವರು ಜೀವಂತ ಹೊರಗೆ ಬರಬೇಕು. ನನ್ನ ಚಿಂತೆ ನಿಜವಾಗಿ ಬೇರೆ. ನಿಮ್ಮ ಮಗಳು ಬಾಡಿಗೆಗೆ ಇರುವ ಮನೆ ಎಂಥದ್ದು? ಕೆಳಗೆ ಪೂರಾ ಕಾರು ನಿಲ್ಲಿಸುವ ಜಾಗ, ಅದರ ಮೇಲೆ ಮರದ ಎರಡು ಮೂರು ಅಂತಸ್ತು, ಹಾಗಿದೆಯಾ? ಹಾಗಿದ್ದರೆ ಅದನ್ನು ಗಟ್ಟಿ ಮಾಡಿಸಿದ್ದಾರಾ ಅಂತ ಮನೆ ಮಾಲೀಕರನ್ನು ಕೇಳಲು ಹೇಳಿ. ಮ್ಯಾಚು ನಾಲ್ಕು ಗಂಟೆ. ಅವಳು ಮಲಗುವುದು ಆ ಮನೆಯಲ್ಲಿ.

ಶರಾವತಿ ಎಡದಂಡೆ:

ತೆಂಗಿನವರು ಬರೆದದ್ದು ಚೆನ್ನಾಗಿದೆ. ಆದರೆ ಒಂದು ಕಡೆಯ ಕಥೆ ಬಿಟ್ಟಿದ್ದಾರೆ. ನಾನು ಬರ್ಕ್ಲಿಯಲ್ಲಿ ಇದ್ದದ್ದು 2006ರಿಂದ 2008.

ಆ ಗೋಡೆಯ ಮುಂದೆ ಒಂದು ಓಕ್ ತೋಪು ಇತ್ತು. ಆಟಗಾರರ ತರಬೇತಿ ಕೇಂದ್ರ ಕಟ್ಟಲು ಅದನ್ನು ಕಡಿಯುತ್ತೇವೆ ಅಂದರು. 2006ರ ಡಿಸೆಂಬರ್ 2ರಂದು ಜನ ಮರ ಹತ್ತಿ ಕೂತರು. ಕೆಳಗೆ ಬೇಲಿ, ಪೊಲೀಸರು. ಮೇಲೆ ಹಲಗೆ ಕಟ್ಟಿಕೊಂಡು ಮಳೆ ಚಳಿಯಲ್ಲಿ ಅಲ್ಲೇ ಮಲಗುತ್ತಿದ್ದರು. 21 ತಿಂಗಳು. ಬರ್ಕ್ಲಿ ನಗರವೂ ಕೋರ್ಟಿಗೆ ಹೋಯಿತು. ಹೊಸ ಕಟ್ಟಡ ಸ್ಟೇಡಿಯಂಗೆ ಅಂಟಿಕೊಂಡಿದೆಯಾ ಅಥವಾ ಬೇರೆಯಾ ಅನ್ನುವುದರ ಮೇಲೆ ವಾದ ನಡೆಯಿತು, ಅಂಟಿಕೊಂಡಿದ್ದರೆ ಆ 1972ರ ಕಾನೂನು ಅದಕ್ಕೂ ಹಿಡಿಯುತ್ತದೆ ಅಂತ. ಕೊನೆಗೆ ವಿಶ್ವವಿದ್ಯಾಲಯ ಗೆದ್ದಿತು. 2008ರ ಸೆಪ್ಟೆಂಬರ್ 9ರಂದು ಕಡೆಯ ನಾಲ್ವರು ಇಳಿದರು. ನಲವತ್ತರಷ್ಟು ಮರಗಳು ಹೋದವು.

ನಮ್ಮದು ಲಿಂಗನಮಕ್ಕಿಯಲ್ಲಿ ಮುಳುಗಿದ ಊರು. ಮರದ ಬುಡದಲ್ಲಿ ಗರಗಸದ ಸದ್ದು ಕೇಳಿದರೆ ನನಗೆ ಅಜ್ಜಿ ಹೇಳಿದ್ದೆಲ್ಲ ನೆನಪಾಗುತ್ತದೆ. ಕ್ಲಾಸಿಗೆ ಹೋಗುವ ದಾರಿಯಲ್ಲಿ ಆ ತೋಪು ಇತ್ತು, ನೆರಳಿನಲ್ಲಿ ಕೂತು ಬುತ್ತಿ ತಿಂದಿದ್ದೇನೆ.

ಇನ್ನು ದುಡ್ಡು. ಸ್ಟೇಡಿಯಂ ಮತ್ತು ತರಬೇತಿ ಕೇಂದ್ರಕ್ಕೆ ಅಂತ 44 ಕೋಟಿ ಡಾಲರಿಗೂ ಹೆಚ್ಚು ಸಾಲ ಎತ್ತಿದರು. ಒಳ್ಳೆ ಸೀಟುಗಳನ್ನು ದಶಕಗಟ್ಟಲೆ ಕಾಲಕ್ಕೆ ಲಕ್ಷಗಟ್ಟಲೆ ಡಾಲರಿಗೆ ಮಾರಿ ಸಾಲ ತೀರಿಸುವ ಯೋಚನೆ. 2008ರಲ್ಲಿ ಮಾರುಕಟ್ಟೆ ಬಿದ್ದಿತು, ಅಂದುಕೊಂಡಷ್ಟು ಸೀಟು ಹೋಗಲಿಲ್ಲ. ಸಾಲದ ಒಂದು ಪಾಲು ತೀರುವುದು ಮುಂದಿನ ಶತಮಾನದಲ್ಲಿ. 2021ರಲ್ಲಿ ಮೈದಾನದ ಹೆಸರನ್ನು ಎಫ್‌ಟಿಎಕ್ಸ್ ಅನ್ನುವ ಕ್ರಿಪ್ಟೊ ಕಂಪನಿಗೆ ಹತ್ತು ವರ್ಷಕ್ಕೆ 1 ಕೋಟಿ 75 ಲಕ್ಷ ಡಾಲರಿಗೆ ಕೊಟ್ಟರು. ಮರುವರ್ಷವೇ ಆ ಕಂಪನಿ ದಿವಾಳಿ. ಯುದ್ಧದಲ್ಲಿ ಸತ್ತವರ ನೆನಪಿನ ಮೈದಾನಕ್ಕೆ ಅಂಥ ಹೆಸರು ಬರೆಸಿದ್ದು ನನಗೆ ಇವತ್ತಿಗೂ ನೋವು.

ಅರಸೀಕೆರೆ ತೆಂಗು:

ಶರಾವತಿಯವರೇ, ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಸಾಲದ ವಿಷಯದಲ್ಲಿ ನಾನು ನಿಮ್ಮ ಪಕ್ಷ. ವಿದ್ಯಾರ್ಥಿಗಳ ತಲೆಮಾರುಗಳ ಮೇಲೆ ಅಷ್ಟು ಭಾರ ಹೊರಿಸಬಾರದಿತ್ತು. ಇಷ್ಟು ದೊಡ್ಡದು ಬೇಕಿರಲಿಲ್ಲ. 63,000 ಸೀಟು ತುಂಬಿದ್ದನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು ಸಲ.

ಮರಗಳ ವಿಷಯದಲ್ಲಿ ಹತ್ತು ವರ್ಷ ಯೋಚನೆ ಮಾಡಿದ್ದೇನೆ. ಆ ತರಬೇತಿ ಕೇಂದ್ರ ಮೊದಲು ಯಾಕೆ ಬೇಕಾಯಿತು? ಅಲ್ಲಿಯವರೆಗೆ ಆಟಗಾರರು, ಕೋಚುಗಳು, ಸಿಬ್ಬಂದಿ ದಿನಾ ಬೆಳಗಿನಿಂದ ಸಂಜೆಯವರೆಗೆ ಇರುತ್ತಿದ್ದದ್ದು ಆ ವಾಲಿದ ಕಾಲಂಗಳ ಅಡಿಯಲ್ಲಿ. ಮ್ಯಾಚಿನ ಜನ ವರ್ಷಕ್ಕೆ ಆರೇಳು ದಿನ ಬಂದು ಹೋಗುತ್ತಾರೆ. ಇವರು ದಿನಾ ಅಲ್ಲಿರುತ್ತಿದ್ದರು. ಅವರನ್ನು ಹೊರಗೆ ತರದೆ ಒಳಗೆ ಒಡೆಯಲೂ ಆಗುತ್ತಿರಲಿಲ್ಲ. ಅವರನ್ನು ಅಲ್ಲಿಂದ ಎಬ್ಬಿಸಿದ್ದು ಸರಿ. ತೋಪನ್ನು ಬಿಟ್ಟು ಇನ್ನೊಂದು ಜಾಗ ಹುಡುಕಬಹುದಿತ್ತು ಅಂತಲೂ ನನಗೆ ಅನ್ನಿಸುತ್ತದೆ.

ಗೋಡೆ ಉಳಿಸಿದ್ದು ಮಾತ್ರ ಸರಿ. ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ಮಕ್ಕಳನ್ನು ಕಳೆದುಕೊಂಡ ಜನ ಚಂದಾ ಕೊಟ್ಟು ಕಟ್ಟಿಸಿದ ಗೋಡೆ ಅದು. ಒಡೆದು ಬೇರೆ ಕಡೆ ಹೊಸದು ಕಟ್ಟಿದ್ದರೆ ಸಲೀಸಾಗುತ್ತಿತ್ತು. ಹಲಗೆಯ ಗುರುತು ಉಳಿಯುತ್ತಿರಲಿಲ್ಲ.

ತೊಗರಿನಾಡು (ಕಲಬುರಗಿ):

ಎಲ್ಲರಿಗೂ ಶರಣು. ತೆಂಗಿನವರ ಉತ್ತರವನ್ನು ನಮ್ಮ ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ತೊಗರಿಕಾಳು ಅಂದ ಕೂಡಲೇ ಡಬ್ಬಿಯಿಂದ ಒಂದು ಕಾಳು ತೆಗೆದು ಉಗುರಿನ ಮೇಲಿಟ್ಟು ನೋಡಿದರು. "ಇಷ್ಟಾ? ವರ್ಷಕ್ಕೆ?" ಅಂತ. ಮಗಳ ಮನೆ ನೀವು ಹೇಳಿದ ಥರದ್ದೇ ಇರಬಹುದು, ಕೆಳಗೆ ಕಾರು ನಿಲ್ಲಿಸುತ್ತಾರಂತೆ. ಇವತ್ತೇ ಕೇಳಲು ಹೇಳಿದ್ದೇನೆ.

ಇನ್ನೆರಡು ಪ್ರಶ್ನೆ. ಯಾವ ಕಡೆ ಕೂರಬೇಕು? ಮತ್ತೆ, ಬ್ಯಾಂಡಿನವರು ಮೈದಾನಕ್ಕೆ ನುಗ್ಗಿದ ಒಂದು ಮ್ಯಾಚ್ ಇದೆಯಂತೆ, ಅದು ಈ ಸ್ಟೇಡಿಯಂನಲ್ಲೇನಾ? ಮಗಳು ಹೇಳಲು ಹೋಗಿ ನಕ್ಕು ನಕ್ಕು ಪೂರ್ತಿ ಮಾಡಲೇ ಇಲ್ಲ.

ಅರಸೀಕೆರೆ ತೆಂಗು:

ಇಲ್ಲೇ ಅಕ್ಕಾವ್ರೆ, ಇದೇ ನೆಲದ ಮೇಲೆ. 1982ರ ನವೆಂಬರ್ 20. ಎದುರಾಳಿ ಮತ್ತೆ ಸ್ಟ್ಯಾನ್‌ಫರ್ಡ್. ಆಟ ಮುಗಿಯಲು ನಾಲ್ಕು ಸೆಕೆಂಡ್ ಇದ್ದಾಗ ಸ್ಟ್ಯಾನ್‌ಫರ್ಡ್ 20-19ರಲ್ಲಿ ಮುಂದೆ ಇತ್ತು. ಅವರು ಚೆಂಡು ಒದ್ದರು. ಈ ಆಟದಲ್ಲಿ ಹೀಗೆ ಒದ್ದ ಚೆಂಡನ್ನು ಹಿಡಿದು ಓಡುವಾಗ ಪಕ್ಕಕ್ಕೋ ಹಿಂದಕ್ಕೋ ಕೊಡಬಹುದು, ಮುಂದಕ್ಕೆ ಎಸೆಯುವ ಹಾಗಿಲ್ಲ. ಕ್ಯಾಲ್ ಹುಡುಗರು ಚೆಂಡು ಹಿಡಿದು ಓಡಿದರು. ಒಬ್ಬನನ್ನು ಹಿಡಿಯುವಷ್ಟರಲ್ಲಿ ಇನ್ನೊಬ್ಬನ ಕೈಗೆ. ಅವನನ್ನು ಹಿಡಿಯುವಷ್ಟರಲ್ಲಿ ಮತ್ತೊಬ್ಬನ ಕೈಗೆ. ಹೀಗೆ ಐದು ಸಲ. ನಡುವೆ ಆಟ ಮುಗಿಯಿತು ಅಂದುಕೊಂಡು ಸ್ಟ್ಯಾನ್‌ಫರ್ಡ್ ಬ್ಯಾಂಡಿನವರು ತುತ್ತೂರಿ, ತಮಟೆ ಸಮೇತ ಮೈದಾನಕ್ಕೆ ಇಳಿದುಬಿಟ್ಟರು! ಕೆವಿನ್ ಮೋಯೆನ್ ಅನ್ನುವ ಆಟಗಾರ ಕಡೆಯ ಸಲ ಚೆಂಡು ಹಿಡಿದವನು ಆ ಬ್ಯಾಂಡಿನ ನಡುವೆಯೇ ನುಗ್ಗಿ ಗೆರೆ ದಾಟಿದ. ದಾಟಿ ಜಿಗಿದು ಇಳಿದದ್ದು ಟ್ರೊಂಬೋನ್ ನುಡಿಸುತ್ತಿದ್ದ ಹುಡುಗನ ಮೇಲೆ. 25-20, ಕ್ಯಾಲ್ ಗೆದ್ದಿತು. ರೇಡಿಯೋದಲ್ಲಿ ಜೋ ಸ್ಟಾರ್ಕಿ ಹೇಳಿದ ವೀಕ್ಷಕ ವಿವರಣೆಯನ್ನು ಇಲ್ಲಿನವರು ಈಗಲೂ ಬಾಯಿಪಾಠ ಹೇಳುತ್ತಾರೆ. ನಾನು ಆಗ ಅರಸೀಕೆರೆಯಲ್ಲಿ ಪ್ರೈಮರಿ ಶಾಲೆಯಲ್ಲಿದ್ದೆ. ಆ ಹದಿನೈದು ಇಪ್ಪತ್ತು ಸೆಕೆಂಡಿನ ವಿಡಿಯೋವನ್ನು ನೂರು ಸಲ ನೋಡಿರಬೇಕು, ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

ಕೂರುವುದು ಪೂರ್ವದ ಗ್ಯಾಲರಿಯಲ್ಲಿ, ಮೇಲಿನ ಸಾಲು. ಟಿಕೆಟ್ ಬೆಲೆಯೂ ಕಡಿಮೆ. ಆ ಕಡೆಯ ಮೆಟ್ಟಿಲುಗಳು ಗುಡ್ಡದ ಮೈಮೇಲೇ ಕೂತಿವೆ, ಕೆಳಗೆ ಟೊಳ್ಳಿಲ್ಲ, ನಿಮ್ಮ ಮನಸ್ಸಿಗೂ ಸಮಾಧಾನ. ಎದುರಿಗೆ ಹಳೆಯ ಗೋಡೆಯ ಆಚೆ ಕೊಲ್ಲಿ, ಸೇತುವೆ, ಸಂಜೆಯ ಸೂರ್ಯ. ಬೆನ್ನ ಹಿಂದಿನ ಗುಡ್ಡದ ಹೆಸರು ಟೈಟ್‌ವಾಡ್ ಹಿಲ್, ಅಂದರೆ ಜಿಪುಣರ ಗುಡ್ಡ. ಟಿಕೆಟ್ ಇಲ್ಲದವರು ಮೊದಲಿನಿಂದಲೂ ಅಲ್ಲಿ ಕೂತು ಪುಕ್ಕಟೆ ನೋಡುತ್ತಾರೆ. ಓದುವಾಗ ನಾನು ಎರಡು ವರ್ಷ ನೋಡಿದ್ದು ಅಲ್ಲಿಂದಲೇ. ಕ್ಯಾಲ್ ಅಂಕ ಗಳಿಸಿದಾಗೆಲ್ಲ ಆ ಗುಡ್ಡದಿಂದ ಒಂದು ಫಿರಂಗಿ ಹಾರಿಸುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸದ್ದು ಕೇಳಿ ನಿಮ್ಮ ಎದೆ ಒಡೆಯಬಾರದು. ಕೂತ ಬೆಂಚೂ ನಡುಗಿದ ಹಾಗಾಗುತ್ತದೆ. ಅದು ಫಿರಂಗಿ, ಭೂಕಂಪ ಅಲ್ಲ.

ಆಟ ಶುರುವಾಗುವ ಮುಂಚೆ ಒಂದು ಸುತ್ತು ಹಾಕಿ. ಉತ್ತರದ ತುದಿಗೆ ಹೋದರೆ ಗ್ಯಾಲರಿಯ ಒಂದು ತುಂಡು ಉಳಿದದ್ದರಿಂದ ಬೇರೆಯಾಗುವ ಕೀಲು ಸಿಗುತ್ತದೆ. ಅಲ್ಲಿ ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ ಇಟ್ಟು ನಿಲ್ಲಿ. ನಮ್ಮ ಅಪ್ಪ ಹಾಗೆ ನಿಂತ ಫೋಟೋ ನನ್ನ ಹತ್ತಿರ ಇದೆ.

ತೊಗರಿನಾಡು (ಕಲಬುರಗಿ):

ಮನೆ ಮಾಲೀಕರು ಉತ್ತರ ಕೊಟ್ಟರಂತೆ. ಕೆಳಗಿನ ಅಂತಸ್ತಿಗೆ ಉಕ್ಕಿನ ಚೌಕಟ್ಟು ಹಾಕಿಸಿ ಆಗಿದೆ, ಕಾಗದವನ್ನೂ ಕಳಿಸಿದ್ದಾರೆ. ಇವತ್ತು ರಾತ್ರಿ ನಿದ್ದೆ ಬರುತ್ತದೆ.

ಪೂರ್ವದ ಗ್ಯಾಲರಿಯಲ್ಲಿ ಮೂರು ಟಿಕೆಟ್ ತೆಗೆಸಿದ್ದೇವೆ. ತೆಂಗಿನವರೇ, ಆ ದಿನ ನೀವೂ ಬರುವುದಾದರೆ ತಿಳಿಸಿ. ದಾವಣಗೆರೆಯ ತಮ್ಮನೂ, ಶರಾವತಿಯವರೂ ಬನ್ನಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ತರುತ್ತಿದ್ದೇನೆ. ಸ್ಟೇಡಿಯಂ ಒಳಗೆ ಬಿಡದಿದ್ದರೆ ಆ ಹಳೆಯ ಗೋಡೆ ಹತ್ತಿರ ಹೊರಗೇ ಕೂತು ತಿನ್ನೋಣ. ಎಷ್ಟು ರೊಟ್ಟಿ ಅಂತ ಮುಂಚೆ ಹೇಳಿದರೆ ಅಷ್ಟು ತಟ್ಟಿಕೊಂಡು ಬರುತ್ತೇನೆ.